ಮುಪ್ಪು, ಮಿದುಳು, ಹಾರ್ಮೋನು: ವಿಜ್ಞಾನ ಸಮ್ಮೇಳನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಪ್ಪಿನ ಸುದ್ದಿಗೆ ಓದುಗರ ಕೊರತೆ ಎಂದೂ ಇರುವುದಿಲ್ಲ. ಎಲ್ಲರಿಗೂ ವಯಸ್ಸಾಗುತ್ತದೆ, ಹೆಚ್ಚಿನವರ ಮನೆಯಲ್ಲಿ ಮರೆವು ಹತ್ತಿದ ಹಿರಿಯರೊಬ್ಬರಿರುತ್ತಾರೆ. ಹಾಗಾಗಿ ‘ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಿಜ್ಞಾನಿಗಳು ತಿಳಿಸಿದರು’ ಎಂಬ ಸಾಲು ಕಂಡರೆ ಅದು ಸುಪ್ರೀಂ ಕೋರ್ಟ್ ತೀರ್ಪಿನಷ್ಟು ಗಟ್ಟಿಯಾಗಿ ಕೇಳಿಸುತ್ತದೆ. ಅಷ್ಟು ಗಟ್ಟಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಈ ಸಮ್ಮೇಳನಗಳಲ್ಲಿ ಏನು ನಡೆಯುತ್ತದೆ, ಅಲ್ಲಿ ಹೇಳಿದ್ದು ಮುಂದೆ ಏನಾಯಿತು ಎಂಬುದರ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಮುಪ್ಪಿನ ಚರ್ಚೆಗೆ ಮಿದುಳಿನ ತಜ್ಞರೂ ಹಾರ್ಮೋನಿನ ತಜ್ಞರೂ ಒಟ್ಟಿಗೆ ಏಕೆ ಸೇರಬೇಕು?

ಒಬ್ಬರ ಲೆಕ್ಕ ಇನ್ನೊಬ್ಬರಿಲ್ಲದೆ ಮುಗಿಯುವುದಿಲ್ಲ, ಅದಕ್ಕೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ತನ್ನ ಕೆಳಗೆ ತೂಗುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿಯು ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣಗಳಿಗೆ ಸೂಚನೆ ಕೊಡುತ್ತದೆ. ಆ ಗ್ರಂಥಿಗಳು ಬಿಟ್ಟ ಹಾರ್ಮೋನು ರಕ್ತದೊಂದಿಗೆ ತಿರುಗಿ ಮಿದುಳಿಗೇ ಬಂದು ‘ಇನ್ನು ಸಾಕು’ ಎಂದು ತಿಳಿಸುತ್ತದೆ. ವಯಸ್ಸಾದಂತೆ ಈ ಸುತ್ತಿನ ಪ್ರತಿಯೊಂದು ಹಂತವೂ ಬದಲಾಗುತ್ತದೆ. ಮೊದಲು ಕೆಟ್ಟದ್ದು ಗ್ರಂಥಿಯೋ, ಅದನ್ನು ಆಳುವ ಮಿದುಳೋ ಎಂಬುದು ಈ ಕ್ಷೇತ್ರದ ಹಳೆಯ ಜಗಳ.

ಮಿದುಳು ಹಾರ್ಮೋನುಗಳಿಗೆ ಬರೀ ಆಜ್ಞೆ ಕೊಡುವ ಅಂಗವಾಗಿ ಉಳಿಯದೆ ಅವುಗಳ ಮಾತು ಕೇಳುವ ಅಂಗವೂ ಹೌದು ಎಂಬುದು 1968ರಲ್ಲಿ ಚೆನ್ನಾಗಿ ಕಂಡಿತು. ಬ್ರೂಸ್ ಮೆಕ್‌ಇವನ್ ಮತ್ತು ಸಂಗಡಿಗರು ಇಲಿಗಳ ದೇಹಕ್ಕೆ ವಿಕಿರಣದ ಗುರುತು ಹಚ್ಚಿದ ಒತ್ತಡದ ಹಾರ್ಮೋನನ್ನು ಸೇರಿಸಿ, ಅದು ಎಲ್ಲಿ ಹೋಗಿ ನಿಲ್ಲುತ್ತದೆಂದು ನೋಡಿದರು. ಅದು ಹೋಗಿ ನಿಂತದ್ದು ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲಿ. ಅಲ್ಲಿಂದ ಮುಂದೆ ನೆನಪಿನ ತಜ್ಞರಿಗೂ ಗ್ರಂಥಿಗಳ ತಜ್ಞರಿಗೂ ಮಾತಾಡಲು ಬೇಕಾದಷ್ಟು ವಿಷಯ ಸಿಕ್ಕಿತು.

ಇಂಥ ಸಭೆಗಳು ಎಲ್ಲಿ ನಡೆಯುತ್ತವೆ?

ಈ ವಿಷಯಕ್ಕೇ ಮೀಸಲಾದ ಸಭೆಯೆಂದರೆ ಆಸ್ಟ್ರಿಯದ ಬ್ರೆಗೆನ್ಜ್ ಪಟ್ಟಣದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದ, ಮುಪ್ಪಿನ ನರಜೀವವಿಜ್ಞಾನ ಮತ್ತು ನರ-ಹಾರ್ಮೋನು ವಿಜ್ಞಾನದ ಅಂತರರಾಷ್ಟ್ರೀಯ ವಿಚಾರ ಸಂಕಿರಣ. ಕಾನ್‌ಸ್ಟೆನ್ಸ್ ಸರೋವರದ ದಡದ ಊರು, ಬೇಸಿಗೆಯ ಜುಲೈ ತಿಂಗಳು. ವಿಜ್ಞಾನಿಗಳೂ ಜಾಗ ಆರಿಸುವಾಗ ನಮ್ಮ ನಿಮ್ಮಂಥವರೇ.

ವೃದ್ಧಾಪ್ಯ ವಿಜ್ಞಾನದ ಅಂತರರಾಷ್ಟ್ರೀಯ ಸಂಘ 1950ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ಹುಟ್ಟಿತು. ಅದರ ವಿಶ್ವ ಸಮ್ಮೇಳನದಲ್ಲಿ ಜೀವವಿಜ್ಞಾನದಿಂದ ಹಿಡಿದು ಪಿಂಚಣಿಯವರೆಗೆ ಎಲ್ಲವೂ ಬರುತ್ತದೆ. ಮರೆವಿನ ಕಾಯಿಲೆಗೆ ಸಂಬಂಧಿಸಿದ ದೊಡ್ಡ ಸಭೆ ಅಲ್ಝೈಮರ್ ಅಸೋಸಿಯೇಷನ್‌ನ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನ. ಔಷಧ ಪ್ರಯೋಗಗಳ ಫಲಿತಾಂಶ ಬಿಡುಗಡೆಯಾಗುವ ಇನ್ನೊಂದು ಸಭೆ ವರ್ಷದ ಕೊನೆಯಲ್ಲಿ ನಡೆಯುತ್ತದೆ.

ಇವೆಲ್ಲಕ್ಕಿಂತ ಬೇರೆಯಾಗಿರುವುದು ಗಾರ್ಡನ್ ಸಂಶೋಧನಾ ಸಮ್ಮೇಳನಗಳು. 1931ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರಸಾಯನವಿಜ್ಞಾನಿ ನೀಲ್ ಗಾರ್ಡನ್ ಶುರು ಮಾಡಿದ ಪದ್ಧತಿ ಇದು. ಮುಪ್ಪಿನ ಜೀವವಿಜ್ಞಾನಕ್ಕೂ ಅಲ್ಲಿ ಒಂದು ಸಭೆಯಿದೆ. ಬೆಳಿಗ್ಗೆ ಮತ್ತು ರಾತ್ರಿ ಉಪನ್ಯಾಸ, ಮಧ್ಯಾಹ್ನ ಬಿಡುವು. ಫೋಟೊ ತೆಗೆಯುವಂತಿಲ್ಲ, ಧ್ವನಿಮುದ್ರಣ ಮಾಡುವಂತಿಲ್ಲ, ಅಲ್ಲಿ ಕೇಳಿದ್ದನ್ನು ಹೊರಗೆ ಉಲ್ಲೇಖಿಸುವಂತಿಲ್ಲ. ಹೀಗೆ ಬಾಯಿಗೆ ಬೀಗ ಹಾಕಿದ್ದರಿಂದಲೇ ಜನ ಇನ್ನೂ ಹಣ್ಣಾಗದ ಫಲಿತಾಂಶಗಳನ್ನು ಧೈರ್ಯವಾಗಿ ತೋರಿಸುತ್ತಾರೆ. ಪತ್ರಕರ್ತರಿಗೆ ಇದು ಸಿಟ್ಟು ತರಿಸುವ ನಿಯಮ. ನನಗೆ ಮಾತ್ರ ಇದರಲ್ಲಿ ಬಹಳ ವಿವೇಕ ಕಾಣುತ್ತದೆ.

ಅಲ್ಲಿ ದಿನವಿಡೀ ಏನು ಮಾಡುತ್ತಾರೆ?

ದೊಡ್ಡ ಸಭಾಂಗಣದಲ್ಲಿ ಮುಖ್ಯ ಉಪನ್ಯಾಸ, ಆಮೇಲೆ ಚಿಕ್ಕ ಕೋಣೆಗಳಲ್ಲಿ ಹತ್ತು ಹದಿನೈದು ನಿಮಿಷಗಳ ಮಂಡನೆ, ಸಂಜೆ ಪೋಸ್ಟರ್. ಸಂಶೋಧನಾ ವಿದ್ಯಾರ್ಥಿ ತನ್ನ ಪ್ರಯೋಗವನ್ನು ಒಂದು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಹಲಗೆಗೆ ಅಂಟಿಸಿ, ಪಕ್ಕದಲ್ಲಿ ನಿಂತುಕೊಳ್ಳುತ್ತಾನೆ. ಹೋಗಿ ಬರುವವರು ನಿಂತು ಕೇಳುತ್ತಾರೆ. ಸಭೆಯ ನಿಜವಾದ ಕೆಲಸ ನಡೆಯುವುದು ಇಲ್ಲೇ. ಮುಖ್ಯ ಉಪನ್ಯಾಸಕರನ್ನು ಅಡ್ಡ ಪ್ರಶ್ನೆ ಕೇಳಲು ಹಿಂಜರಿಯುವವರು ಪೋಸ್ಟರಿನ ಮುಂದೆ ‘ಇಲಿಗಳ ರಕ್ತ ತೆಗೆದದ್ದು ಎಷ್ಟು ಹೊತ್ತಿಗೆ?’ ಎಂದು ಕೇಳುತ್ತಾರೆ. ಒತ್ತಡದ ಹಾರ್ಮೋನು ಹೊತ್ತಿನಿಂದ ಹೊತ್ತಿಗೆ ಏರಿ ಇಳಿಯುತ್ತದೆ. ಬೆಳಿಗ್ಗೆಯ ರಕ್ತವನ್ನು ಸಂಜೆಯ ರಕ್ತಕ್ಕೆ ಹೋಲಿಸಿದ್ದರೆ ಇಡೀ ಪ್ರಯೋಗ ಬಿದ್ದುಹೋಗುತ್ತದೆ.

ಸಮ್ಮೇಳನದಲ್ಲಿ ಮಂಡಿಸಿದ್ದನ್ನು ಸಾಬೀತಾದದ್ದು ಎಂದು ತಿಳಿಯಬಹುದೇ?

ತಿಳಿಯಬಾರದು. ವೈದ್ಯಕೀಯ ಸಮ್ಮೇಳನಗಳಲ್ಲಿ ಸಾರಾಂಶವಾಗಿ ಮಂಡನೆಯಾದ ಅಧ್ಯಯನಗಳಲ್ಲಿ ಎಷ್ಟು ಪೂರ್ಣ ಪ್ರಬಂಧಗಳಾದವು ಎಂಬುದನ್ನು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ಲೆಕ್ಕ ಹಾಕಿತು. ನೂರಕ್ಕೆ ಸುಮಾರು 37 ಮಾತ್ರ. ಉಳಿದವು ಪೂರ್ಣರೂಪದಲ್ಲಿ ಹೊರಬರಲೇ ಇಲ್ಲ. ಒಳ್ಳೆಯ ಫಲಿತಾಂಶ ಬಂದ ಅಧ್ಯಯನಗಳು ಹೆಚ್ಚಾಗಿ ಅಚ್ಚಾದವು ಎಂಬುದೂ ಅದೇ ಪರಿಶೀಲನೆಯಲ್ಲಿ ಕಂಡಿತು. ಎಂದರೆ ಕೈಕೊಟ್ಟ ಪ್ರಯೋಗಗಳ ಸುದ್ದಿ ನಮಗೆ ಮುಟ್ಟುವುದೇ ಕಡಿಮೆ.

ಸಭಿಕರ ಪ್ರತಿಕ್ರಿಯೆಯೂ ನಂಬುವಂಥದ್ದಲ್ಲ. ಈ ಕ್ಷೇತ್ರದ ಚರಿತ್ರೆಯಲ್ಲಿ ಎರಡು ಸಭೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಮೊದಲನೆಯದು ಪ್ಯಾರಿಸ್, 1889ರ ಜೂನ್ 1. ಜೀವವಿಜ್ಞಾನ ಸೊಸೈಟಿಯ ಸಭೆಯಲ್ಲಿ 72 ವರ್ಷದ ಶಾರ್ಲ್ ಬ್ರೌನ್-ಸೆಕಾರ್ ಎದ್ದು ನಿಂತರು. ಸಾಮಾನ್ಯ ಮನುಷ್ಯರಲ್ಲ, ಮಹಾ ಶರೀರವಿಜ್ಞಾನಿ ಕ್ಲೋಡ್ ಬರ್ನಾರ್ಡ್ ತೀರಿಕೊಂಡ ಮೇಲೆ ಅವರ ಪೀಠದಲ್ಲಿ ಕುಳಿತವರು. ನಾಯಿ ಮತ್ತು ಗಿನಿಯಿಲಿಗಳ ವೃಷಣವನ್ನು ಅರೆದು ತೆಗೆದ ರಸವನ್ನು ತಮಗೆ ತಾವೇ ಚುಚ್ಚಿಕೊಂಡೆ, ಯೌವನದ ಕಸುವು ಮರಳಿ ಬಂತು ಎಂದರು. ಕೈಹಿಡಿತದ ಬಲವನ್ನು ಅಳೆದಿದ್ದರು, ಮೂತ್ರದ ಧಾರೆ ಎಷ್ಟು ದೂರ ಹೋಗುತ್ತದೆಂಬುದನ್ನೂ ಅಳೆದಿದ್ದರು! ಸುದ್ದಿ ಅಟ್ಲಾಂಟಿಕ್ ದಾಟಿತು, ಅಂಥ ರಸಗಳ ವ್ಯಾಪಾರ ಭರ್ಜರಿಯಾಗಿ ನಡೆಯಿತು. 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅವರ ವಿಧಾನವನ್ನೇ ಅನುಸರಿಸಿ ರಸ ತಯಾರಿಸಿ ಪರೀಕ್ಷಿಸಿದಾಗ ಅದರಲ್ಲಿ ಟೆಸ್ಟೋಸ್ಟೆರೋನ್ ಲೆಕ್ಕಕ್ಕೆ ಬಾರದಷ್ಟು ಕಡಿಮೆಯಿತ್ತು. ವೃಷಣ ಆ ಹಾರ್ಮೋನನ್ನು ಕೂಡಿಡುವುದಿಲ್ಲ, ಅದು ನೀರಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಮುದುಕರಿಗೆ ಕಸುವು ತಂದದ್ದು ಅವರ ನಂಬಿಕೆ.

ಎರಡನೆಯದು ಜರ್ಮನಿಯ ಟ್ಯೂಬಿಂಗೆನ್, 1906ರ ನವೆಂಬರ್ 3. ನೈಋತ್ಯ ಜರ್ಮನಿಯ ಮನೋವೈದ್ಯರ 37ನೆಯ ಸಭೆ. ಆಲೋಯಿಸ್ ಅಲ್ಝೈಮರ್ ಎಂಬ ವೈದ್ಯರು 51ನೆಯ ವಯಸ್ಸಿನಲ್ಲಿ ಮರೆವು, ಅನುಮಾನ, ಗೊಂದಲಗಳೊಂದಿಗೆ ಫ್ರಾಂಕ್‌ಫರ್ಟಿನ ಆಸ್ಪತ್ರೆ ಸೇರಿದ್ದ ಔಗುಸ್ಟ ಡೇಟರ್ ಎಂಬಾಕೆಯ ಕಥೆ ಹೇಳಿದರು. ಆಕೆ ಅದೇ ವರ್ಷದ ಏಪ್ರಿಲಿನಲ್ಲಿ ತೀರಿಕೊಂಡಿದ್ದಳು. ಮಿದುಳಿನ ತೆಳು ಪದರಗಳಿಗೆ ಬೆಳ್ಳಿಯ ಬಣ್ಣ ಹಾಕಿ ನೋಡಿದಾಗ ನರಕೋಶಗಳೊಳಗೆ ಎಳೆಗಳ ಗಂಟು, ಹೊರಗೆ ವಿಚಿತ್ರ ವಸ್ತುವಿನ ಗುಡ್ಡೆ ಕಂಡಿದ್ದವು. ಉಪನ್ಯಾಸ ಮುಗಿಯಿತು. ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಧ್ಯಕ್ಷರು ಮುಂದಿನ ಭಾಷಣಕಾರರನ್ನು ಕರೆದರು. 1910ರಲ್ಲಿ ಮನೋವೈದ್ಯ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಆ ಕಾಯಿಲೆಗೆ ಅಲ್ಝೈಮರ್ ಅವರ ಹೆಸರಿಟ್ಟರು.

ಮಾತಿಗೆ ಮರುಳಾದದ್ದು ಪೊಳ್ಳಾಯಿತು, ಆಕಳಿಸಿ ಬಿಟ್ಟದ್ದು ಗಟ್ಟಿಯಾಯಿತು. ಸಭಾಂಗಣದ ಚಪ್ಪಾಳೆಯನ್ನು ಸುದ್ದಿಯಾಗಿಸುವವರು ಈ ಎರಡು ದಿನಾಂಕಗಳನ್ನು ಮೇಜಿನ ಮುಂದೆ ಬರೆದು ಅಂಟಿಸಿಕೊಂಡರೆ ಒಳ್ಳೆಯದು.

ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಮುಪ್ಪನ್ನು ತಡೆಯುತ್ತದೆ ಎನ್ನುತ್ತಾರಲ್ಲ?

ಬ್ರೌನ್-ಸೆಕಾರರ ಆಧುನಿಕ ವಂಶಸ್ಥರು ಇಲ್ಲಿದ್ದಾರೆ. 1990ರಲ್ಲಿ ಡೇನಿಯಲ್ ರುಡ್‌ಮನ್ ಮತ್ತು ಸಹೋದ್ಯೋಗಿಗಳು 61ರಿಂದ 81 ವರ್ಷದ 21 ಗಂಡಸರ ಅಧ್ಯಯನವನ್ನು ಪ್ರಕಟಿಸಿದರು. 12 ಮಂದಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನು ಕೊಟ್ಟಾಗ ಕೊಬ್ಬು ಕರಗಿತು, ಕೊಬ್ಬಿಲ್ಲದ ಮೈತೂಕ ಹೆಚ್ಚಿತು. ಅವರ ಬಲ ಹೆಚ್ಚಿತೇ, ಬದುಕು ಉದ್ದವಾಯಿತೇ ಎಂಬ ಪ್ರಶ್ನೆಗಳಿಗೆ ಆ ಅಧ್ಯಯನದಲ್ಲಿ ಉತ್ತರವಿರಲಿಲ್ಲ. ಆದರೂ ‘ಮುಪ್ಪು ತಡೆಯುವ’ ಚಿಕಿತ್ಸಾಲಯಗಳಿಗೆ ಅಷ್ಟೇ ಸಾಕಾಯಿತು. ಅಮೆರಿಕದಲ್ಲಿ ಮುಪ್ಪು ತಡೆಯಲೆಂದು ಈ ಹಾರ್ಮೋನನ್ನು ಕೊಡುವುದು ಕಾನೂನಿಗೆ ವಿರುದ್ಧ. ಕೀಲುನೋವು, ಊತ, ರಕ್ತದಲ್ಲಿ ಸಕ್ಕರೆಯ ಏರಿಕೆ ಅದರ ಗೊತ್ತಿರುವ ಅಡ್ಡ ಪರಿಣಾಮಗಳು.

ಅದೇ ದಶಕದಲ್ಲಿ ಪ್ರಯೋಗಾಲಯದಿಂದ ಪೂರ್ತಿ ತಿರುಗುಮುರುಗಾದ ಸುದ್ದಿ ಬಂತು. ಹುಟ್ಟಿನಿಂದಲೇ ಬೆಳವಣಿಗೆಯ ಹಾರ್ಮೋನಿಲ್ಲದ, ‘ಏಮ್ಸ್’ ಎಂಬ ತಳಿಯ ಕುಳ್ಳಿಲಿಗಳು ತಮ್ಮ ಒಡಹುಟ್ಟುಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ ಎಂದು ಹೋಲಿ ಬ್ರೌನ್-ಬೋರ್ಗ್, ಆಂಜೆ ಬಾರ್ಟ್ಕೆ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದರು. ಗಂಡಿಲಿಗಳ ಆಯಸ್ಸು ಸುಮಾರು ಅರ್ಧದಷ್ಟು, ಹೆಣ್ಣಿಲಿಗಳದು ಮೂರನೇ ಎರಡರಷ್ಟು ಹೆಚ್ಚಾಗಿತ್ತು. ಬಾರ್ಟ್ಕೆಯವರ ಪ್ರಯೋಗಾಲಯದಲ್ಲಿ, ಆ ಹಾರ್ಮೋನಿಗೆ ಸ್ಪಂದಿಸದ ಇನ್ನೊಂದು ಬಗೆಯ ಇಲಿಯೊಂದು 1819 ದಿನ ಬದುಕಿತು. ಐದು ವರ್ಷಕ್ಕೆ ಒಂದೇ ವಾರ ಕಡಿಮೆ! ಪ್ರಯೋಗಾಲಯದ ಇಲಿಗಳು ಸಾಮಾನ್ಯವಾಗಿ ಎರಡು ಮೂರು ವರ್ಷ ಬದುಕುತ್ತವೆ. ಹೆಚ್ಚು ಹಾರ್ಮೋನು ಎಂದರೆ ಹೆಚ್ಚು ಯೌವನ ಎಂಬ ಲೆಕ್ಕ ಇಲ್ಲಿಗೆ ಮುರಿದು ಬಿತ್ತು.

ಮನುಷ್ಯರಲ್ಲಿ? ದಕ್ಷಿಣ ಈಕ್ವೆಡಾರಿನ ಬೆಟ್ಟಸೀಮೆಯ ಹಳ್ಳಿಗಳಲ್ಲಿ ಈ ಹಾರ್ಮೋನಿಗೆ ಸ್ಪಂದಿಸದ, ಲ್ಯಾರನ್ ಲಕ್ಷಣವೆಂಬ ಸ್ಥಿತಿಯುಳ್ಳ ಕುಳ್ಳ ದೇಹದ ಜನರಿದ್ದಾರೆ. ಹೈಮೆ ಗೆವಾರ-ಅಗೀರೆ ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಅವರನ್ನು ಗಮನಿಸಿ 2011ರಲ್ಲಿ ವರದಿ ಮಾಡಿದರು: ಅವರಲ್ಲಿ ಮಧುಮೇಹ ಕಾಣಲಿಲ್ಲ, ಕ್ಯಾನ್ಸರ್ ತೀರಾ ವಿರಳ. ಆದರೆ ಅವರ ಆಯಸ್ಸು ನೆಂಟರ ಆಯಸ್ಸಿಗಿಂತ ಹೆಚ್ಚಿರಲಿಲ್ಲ. ಅಪಘಾತ, ಕುಡಿತದಂಥ ಬೇರೆ ಕಾರಣಗಳು ಅವರನ್ನು ಒಯ್ದವು. ಇಲಿಯ ಪಂಜರದಲ್ಲಿ ಅಪಘಾತಗಳಿರುವುದಿಲ್ಲ.

ಅಂದರೆ ಇಲಿಗಳ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸುವಂತಿಲ್ಲವೇ?

ಕೆಲವನ್ನು ಅನ್ವಯಿಸಬಹುದು, ಕೆಲವನ್ನು ಸಾಧ್ಯವೇ ಇಲ್ಲ. ಒಳ್ಳೆಯ ಉದಾಹರಣೆ ಮುಟ್ಟು ನಿಲ್ಲುವುದು. ಹೆಂಗಸರಲ್ಲಿ ಅಂಡಾಶಯದ ಅಂಡಕೋಶಗಳ ಸಂಗ್ರಹ ಬರಿದಾಗುವುದರಿಂದ ಮುಟ್ಟು ನಿಲ್ಲುತ್ತದೆ. ಇಲಿಗಳಲ್ಲಿ ಋತುಚಕ್ರ ಏರುಪೇರಾಗುವುದಕ್ಕೆ ಮಿದುಳಿನ ಕಡೆಯ, ಅಂದರೆ ಹೈಪೊಥಲಾಮಸ್ ಮತ್ತು ಪಿಟ್ಯುಟರಿಯ ಬದಲಾವಣೆಗಳೇ ಹೆಚ್ಚಿನ ಮಟ್ಟಿಗೆ ಕಾರಣ. ನೋಡುವುದಕ್ಕೆ ಎರಡೂ ಒಂದೇ ಬಗೆ, ಒಳಗಿನ ದಾರಿ ಬೇರೆ. ಮುಟ್ಟು ನಿಂತ ಮೇಲೂ ದೀರ್ಘಕಾಲ ಬದುಕುವ ಪ್ರಾಣಿಗಳೇ ಕಡಿಮೆ: ಮನುಷ್ಯರು, ಓರ್ಕಾ, ಬೆಲೂಗದಂಥ ಕೆಲವು ತಿಮಿಂಗಿಲಗಳು. ಉಗಾಂಡದ ಎನ್‌ಗೊಗೊ ಕಾಡಿನ ಚಿಂಪಾಂಜಿಗಳೂ ಈ ಸಾಲಿಗೆ ಸೇರುತ್ತವೆಂದು 2023ರಲ್ಲಿ ವರದಿಯಾಯಿತು.

ಇನ್ನೊಂದು ತೊಡಕು ಗಂಡು-ಹೆಣ್ಣಿನದು. ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆ ಮೂರು ಪ್ರಯೋಗಾಲಯಗಳಲ್ಲಿ ಏಕಕಾಲಕ್ಕೆ ಒಂದೇ ಔಷಧವನ್ನು ಇಲಿಗಳಿಗೆ ಕೊಟ್ಟು ನೋಡುವ ಕಾರ್ಯಕ್ರಮ ನಡೆಸುತ್ತದೆ. ಅಲ್ಲಿ 17-ಆಲ್ಫಾ-ಈಸ್ಟ್ರಡಯಾಲ್ ಎಂಬ ಹಾರ್ಮೋನು ಗಂಡಿಲಿಗಳ ಆಯಸ್ಸನ್ನು ಹೆಚ್ಚಿಸಿತು, ಹೆಣ್ಣಿಲಿಗಳದನ್ನು ಹೆಚ್ಚಿಸಲಿಲ್ಲ. ‘ಹೆಣ್ಣಿಲಿಗಳ ಚಕ್ರ ಲೆಕ್ಕ ಕೆಡಿಸುತ್ತದೆ’ ಎಂದು ಗಂಡಿಲಿಗಳನ್ನಷ್ಟೇ ಬಳಸುತ್ತಿದ್ದ ಹಳೆಯ ಚಾಳಿಗೆ ಇಂಥ ಫಲಿತಾಂಶ ಚೆನ್ನಾಗಿ ಬುದ್ಧಿ ಕಲಿಸುತ್ತದೆ.

ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ತೆಗೆದುಕೊಂಡರೆ ಮರೆವು ಬರುವುದಿಲ್ಲವೇ?

1990ರ ದಶಕದ ಸಮ್ಮೇಳನಗಳಲ್ಲಿ ಈ ಆಸೆ ಜೋರಾಗಿತ್ತು. ಪಂಜರದ ಇಲಿಯಲ್ಲಿ ಅಂಡಾಶಯದ ಹಾರ್ಮೋನಾದ ಈಸ್ಟ್ರೊಜೆನ್ ಹಿಪೊಕ್ಯಾಂಪಸ್‌ನ ನರಕೋಶಗಳ ನಡುವಿನ ಕೊಂಡಿಗಳನ್ನು ಹೆಚ್ಚಿಸುತ್ತಿತ್ತು. ಹಾರ್ಮೋನು ತೆಗೆದುಕೊಳ್ಳುವ ಹೆಂಗಸರಲ್ಲಿ ಮರೆವಿನ ಕಾಯಿಲೆ ಕಡಿಮೆ ಎಂದು ಅವಲೋಕನಗಳೂ ಹೇಳುತ್ತಿದ್ದವು. ಹಾರ್ಮೋನು ತೆಗೆದುಕೊಳ್ಳುತ್ತಿದ್ದವರು ಹೆಚ್ಚು ಓದಿದವರು, ಹೆಚ್ಚು ಅನುಕೂಲಸ್ಥರು, ವೈದ್ಯರ ಬಳಿ ಸಲೀಸಾಗಿ ಹೋಗಬಲ್ಲವರು ಎಂಬುದನ್ನು ಆಗ ಸಾಕಷ್ಟು ತೂಗಿ ನೋಡಲಿಲ್ಲ.

ಆಮೇಲೆ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಬೃಹತ್ ಪ್ರಯೋಗ ನಡೆಯಿತು. ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಕೊಡುತ್ತಿದ್ದ ಅದರ ಭಾಗವನ್ನು 2002ರ ಜುಲೈನಲ್ಲಿ, ಸ್ತನ ಕ್ಯಾನ್ಸರ್ ಮುಂತಾದ ಅಪಾಯಗಳು ಕಂಡದ್ದರಿಂದ ನಿಲ್ಲಿಸಿದರು. 65 ದಾಟಿದ 4,532 ಹೆಂಗಸರ ನೆನಪಿನ ಫಲಿತಾಂಶ 2003ರಲ್ಲಿ ಹೊರಬಂತು: ಹಾರ್ಮೋನು ಪಡೆದವರಲ್ಲಿ 40 ಮಂದಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ), ಸಕ್ಕರೆ ಗುಳಿಗೆಯಂಥ ಹುಸಿ ಮಾತ್ರೆ ಪಡೆದವರಲ್ಲಿ 21 ಮಂದಿಗೆ. ತಡೆಯುತ್ತದೆ ಎಂದುಕೊಂಡದ್ದು ಸುಮಾರು ಎರಡು ಪಟ್ಟು ಹೆಚ್ಚಿಸಿತ್ತು.

ಮುಂದಿನ ಸಮ್ಮೇಳನಗಳಲ್ಲಿ ವಾದ ಹೊಸ ದಿಕ್ಕು ಹಿಡಿಯಿತು. ಮುಟ್ಟು ನಿಂತು ಹದಿನೈದು ವರ್ಷವಾದವರಿಗೆ ಕೊಟ್ಟರೆ ಬೇರೆ, ನಿಂತ ಹೊಸದರಲ್ಲಿ ಕೊಟ್ಟರೆ ಬೇರೆ, ಸಮಯವೇ ಮುಖ್ಯ ಎಂಬ ವಾದ. ಇದನ್ನು ಪರೀಕ್ಷಿಸಲು ಮುಟ್ಟು ನಿಂತು ಮೂರು ವರ್ಷದೊಳಗಿನ 727 ಹೆಂಗಸರನ್ನು ನಾಲ್ಕು ವರ್ಷ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆನಪಿಗೆ ಹಾನಿಯೂ ಆಗಲಿಲ್ಲ, ಲಾಭವೂ ಆಗಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಈ ಔಷಧಗಳ ಮೇಲಿನ ಬಹುಪಾಲು ಕಪ್ಪು ಚೌಕಟ್ಟಿನ (ಗಂಭೀರ ಅಪಾಯ ತಿಳಿಸುವ) ಎಚ್ಚರಿಕೆಗಳನ್ನು ತೆಗೆಸುವುದಾಗಿ ಹೇಳಿತು. ಥಟ್ಟನೆ ಮೈ ಬಿಸಿಯೇರಿಕೆ, ನಿದ್ದೆಗೇಡು, ಮೂಳೆ ಸವೆತದ ವಿಚಾರದಲ್ಲಿ ಈ ಚಿಕಿತ್ಸೆಗೆ ಅದರದೇ ಜಾಗವಿದೆ. ಮರೆವು ತಡೆಯಲೆಂದೇ ಇದನ್ನು ನುಂಗುವುದಕ್ಕೆ ಆಧಾರ ಸಾಲದು.

ಸಮ್ಮೇಳನದ ಪೋಸ್ಟರಿನಿಂದ ಔಷಧದ ಅಂಗಡಿಯವರೆಗೆ ಬಂದ ಸಂಶೋಧನೆ ಒಂದಾದರೂ ಇದೆಯೇ?

ಇದೆ, ಚೆಂದದ ಕಥೆಯೂ ಹೌದು. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರಿಗೆ ಥಟ್ಟನೆ ಮೈ ಬಿಸಿಯೇರಿ ಬೆವರುವುದು ಏಕೆ ಎಂಬುದಕ್ಕೆ ಬಹುಕಾಲ ಸರಿಯಾದ ಉತ್ತರವಿರಲಿಲ್ಲ. ನರರೋಗವಿಜ್ಞಾನಿ ನೇಯೊಮಿ ರಾನ್ಸ್ ಅವರು ತೀರಿಕೊಂಡ ಹೆಂಗಸರ ಹೈಪೊಥಲಾಮಸ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಮುಟ್ಟು ನಿಂತವರಲ್ಲಿ ಒಂದು ಗುಂಪಿನ ನರಕೋಶಗಳು ಊದಿ ದಪ್ಪವಾಗಿರುವುದನ್ನು ಕಂಡರು. ವಯಸ್ಸಾದ ಮಿದುಳಿನಲ್ಲಿ ಕೋಶಗಳು ಕುಗ್ಗುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇವು ಉಬ್ಬಿದ್ದವು. 1990–91ರಲ್ಲಿ ಪ್ರಕಟವಾದ ಈ ಕೆಲಸದಿಂದ ಆ ಕೋಶಗಳು ನ್ಯೂರೊಕೈನಿನ್ ಬಿ ಎಂಬ ಸಂದೇಶವಾಹಕವನ್ನು ಬಿಡುತ್ತವೆಂದು ತಿಳಿಯಿತು. ಈಸ್ಟ್ರೊಜೆನ್ನಿನ ಕಡಿವಾಣ ತಪ್ಪಿದಾಗ ಅವು ಅತಿಯಾಗಿ ಕೆರಳಿ, ಪಕ್ಕದಲ್ಲಿರುವ ದೇಹದ ತಾಪ ನೋಡಿಕೊಳ್ಳುವ ಕೇಂದ್ರವನ್ನು ತಪ್ಪುದಾರಿಗೆಳೆಯುತ್ತವೆ ಎಂಬ ವಿವರಣೆ ನಿಧಾನಕ್ಕೆ ಗಟ್ಟಿಯಾಯಿತು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ 2017ರಲ್ಲಿ, ಆ ಸಂದೇಶವನ್ನು ತಡೆಯುವ ಔಷಧ ಬಿಸಿಯೇರಿಕೆಯನ್ನು ಬಹಳಷ್ಟು ತಗ್ಗಿಸುತ್ತದೆ ಎಂದು ತೋರಿಸಿತು. ಅದೇ ದಾರಿಯ ಫೆಜೊಲಿನೆಟಂಟ್ ಔಷಧಕ್ಕೆ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾಗಬಹುದೆಂಬ ಎಚ್ಚರಿಕೆಯನ್ನು ಮುಂದಿನ ವರ್ಷ ಸೇರಿಸಿದರು. ಸೂಕ್ಷ್ಮದರ್ಶಕದಿಂದ ಔಷಧದ ಅಂಗಡಿಗೆ ಮೂವತ್ತಕ್ಕೂ ಹೆಚ್ಚು ವರ್ಷ.

ಗಂಡಸರಿಗೆ ಟೆಸ್ಟೋಸ್ಟೆರೋನ್ ಕೊಟ್ಟರೆ ನೆನಪು ಚುರುಕಾಗುತ್ತದೆಯೇ?

ಇಲ್ಲ. ಹಾರ್ಮೋನು ಕಡಿಮೆಯಿದ್ದ, ವಯಸ್ಸಿನ ಮರೆವೂ ಇದ್ದ 65 ದಾಟಿದ 493 ಗಂಡಸರಿಗೆ ಒಂದು ವರ್ಷ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಹುಸಿ ಮದ್ದು ಪಡೆದವರಿಗಿಂತ ಅವರ ನೆನಪು ಉತ್ತಮವಾಗಲಿಲ್ಲ.

ಒತ್ತಡದಿಂದ ಮಿದುಳು ಬೇಗ ಮುದಿಯಾಗುತ್ತದೆ ಎಂಬುದು ನಿಜವೇ?

ಅರ್ಧ ನಿಜ, ಅರ್ಧ ಇನ್ನೂ ವಾದದಲ್ಲಿದೆ. ರಾಬರ್ಟ್ ಸಪೋಲ್ಸ್‌ಕಿ, ಲೂಯಿಸ್ ಕ್ರೇ, ಬ್ರೂಸ್ ಮೆಕ್‌ಇವನ್ 1986ರಲ್ಲಿ ಒಂದು ವಿಷವರ್ತುಲವನ್ನು ಮುಂದಿಟ್ಟರು: ಒತ್ತಡದ ಹಾರ್ಮೋನು ಹಿಪೊಕ್ಯಾಂಪಸ್ಸನ್ನು ಸವೆಸುತ್ತದೆ, ಆ ಹಾರ್ಮೋನನ್ನು ತಗ್ಗಿಸಲು ಹೇಳಬೇಕಾದದ್ದೇ ಹಿಪೊಕ್ಯಾಂಪಸ್, ಅದು ಸವೆದಂತೆ ಹಾರ್ಮೋನು ಇನ್ನೂ ಏರುತ್ತದೆ. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಎಲ್ಲರಿಗೂ ಹಿಡಿಸಿತು. 1990ರ ದಶಕದಲ್ಲಿ ನರಕೋಶ ಎಣಿಸುವ ಉತ್ತಮ ವಿಧಾನ ಬಂದಾಗ, ನೆನಪು ಕುಂದಿದ ಮುದಿ ಇಲಿಗಳಲ್ಲೂ ಹಿಪೊಕ್ಯಾಂಪಸ್‌ನ ಕೋಶಗಳ ಸಂಖ್ಯೆ ಹೆಚ್ಚು ಕಡಿಮೆ ಹಾಗೆಯೇ ಇದೆ ಎಂದು ತಿಳಿಯಿತು. ಕೋಶಗಳು ಸಾಯುವುದಕ್ಕಿಂತ ಅವುಗಳ ಕವಲು, ಕೊಂಡಿಗಳು ಬದಲಾಗುವುದೇ ಮುಖ್ಯ ಎಂಬ ಕಡೆಗೆ ಮಾತು ತಿರುಗಿತು. ಈ ತಿದ್ದುಪಡಿ ಪತ್ರಿಕೆಗಳ ಅಂಕಣಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ. ಅಲ್ಲಿ ಇವತ್ತಿಗೂ ‘ಒತ್ತಡ ಮಿದುಳಿನ ಕೋಶಗಳನ್ನು ಕೊಲ್ಲುತ್ತದೆ’.

ಮಧುಮೇಹಕ್ಕೆ, ತೂಕ ಇಳಿಸುವುದಕ್ಕೆ ಕೊಡುವ ಸೆಮಾಗ್ಲುಟೈಡ್ ಅಲ್ಝೈಮರ್ ಕಾಯಿಲೆಗೂ ಮದ್ದಂತೆ?

ಕರುಳಿನ ಜಿಎಲ್‌ಪಿ-1 ಹಾರ್ಮೋನನ್ನು ಅನುಕರಿಸುವ ಔಷಧ ಅದು. ಮಧುಮೇಹಕ್ಕೆ ತೆಗೆದುಕೊಳ್ಳುತ್ತಿದ್ದವರಲ್ಲಿ ಡಿಮೆನ್ಶಿಯಾ ಕಡಿಮೆ ಕಂಡದ್ದರಿಂದ ಆಸೆ ಹುಟ್ಟಿತ್ತು. ಅಲ್ಝೈಮರ್ ಕಾಯಿಲೆಯ ಆರಂಭದ ಹಂತದಲ್ಲಿದ್ದ 3,808 ಮಂದಿಯ ಮೇಲೆ ಅದರ ಮಾತ್ರೆಯ ಎರಡು ದೊಡ್ಡ ಪ್ರಯೋಗಗಳು ನಡೆದವು. ಕಾಯಿಲೆಯ ಓಟ ನಿಧಾನವಾಗಲಿಲ್ಲ ಎಂದು 2025ರ ನವೆಂಬರಿನಲ್ಲಿ ತಯಾರಕರಾದ ನೊವೊ ನಾರ್ಡಿಸ್ಕ್ ಪ್ರಕಟಿಸಿದರು. ಮುಂದಿನ ವಾರವೇ ಸ್ಯಾನ್ ಡಿಯೇಗೊದ ಸಮ್ಮೇಳನದಲ್ಲಿ ವಿವರ ಮಂಡಿಸಿದರು. ಈಸ್ಟ್ರೊಜೆನ್ ಕಥೆ ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಆದರೂ ಸೋತ ಪ್ರಯೋಗವನ್ನು ಮುಚ್ಚಿಡದೆ ವೇದಿಕೆಗೆ ತಂದದ್ದು ಒಳ್ಳೆಯ ಸಮ್ಮೇಳನದ ಲಕ್ಷಣ.

ನಮ್ಮಲ್ಲಿ ಈ ಕೆಲಸ ನಡೆಯುತ್ತಿದೆಯೇ?

ಮುಪ್ಪಿನ ಜೀವವಿಜ್ಞಾನಕ್ಕೆ ಭಾರತದಲ್ಲಿ ಗಟ್ಟಿ ನೆಲೆ ಒದಗಿಸಿದವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ. ಎಸ್. ಕಾನುಂಗೊ. ವಯಸ್ಸಾಗುವುದರಲ್ಲಿ ವಂಶವಾಹಿಗಳ ನಿಯಂತ್ರಣದ ಪಾತ್ರವನ್ನು 1970ರ ದಶಕದಲ್ಲೇ ವಾದಿಸಿದವರು ಅವರು.

ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ 45 ದಾಟಿದ ಹಳ್ಳಿಗರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಗುರಿ 10,000 ಮಂದಿ. ಮಾವಿಗೆ ಹೆಸರಾದ ತಾಲ್ಲೂಕು ಈಗ ಅಂತರರಾಷ್ಟ್ರೀಯ ಸಮ್ಮೇಳನಗಳ ಪರದೆಯ ಮೇಲೂ ಕಾಣಿಸಿಕೊಳ್ಳುತ್ತದೆ. ಮುಪ್ಪಿನ ಮಿದುಳಿನ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ಶ್ರೀಮಂತ ದೇಶಗಳ ಓದಿದ, ನಗರವಾಸಿ ಜನರಿಂದ ಬಂದದ್ದು. ಅಕ್ಷರ ಬಾರದ, ಹೊಲದಲ್ಲಿ ದುಡಿದ ಜನರ ಮಿದುಳು ಹೇಗೆ ಮುಪ್ಪಾಗುತ್ತದೆಂಬುದಕ್ಕೆ ಇಂಥ ಅಧ್ಯಯನವೇ ಬೇಕು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ಅಲ್ಲಿನ ಮಿದುಳಿನ ವಸ್ತುಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು.

ನಿಮ್ಹಾನ್ಸ್‌ನ ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಶಿಯಾ ರೋಗಿಗಳ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಹಾಗೆಯೇ. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಬಸ್ಸಿನಲ್ಲಿ ಇನ್ನೊಂದು ಭಾಷೆ ಆಡುವ ನಮ್ಮವರಿಗೆ ಇದು ಸಂತೋಷದ ಸುದ್ದಿ. ಇದು ಅವಲೋಕನದ ಅಧ್ಯಯನ ಎಂಬುದನ್ನು ಸಂತೋಷದ ನಡುವೆಯೂ ಮರೆಯುವಂತಿಲ್ಲ.

ಸಾಮಾನ್ಯರು ಈ ಸಮ್ಮೇಳನಗಳಿಗೆ ಹೋಗಬಹುದೇ?

ಗಾರ್ಡನ್ ಸಭೆಗಳಿಗೆ ಅರ್ಜಿ ಹಾಕಿ ಆಯ್ಕೆಯಾಗಬೇಕು. ದೊಡ್ಡ ಸಮ್ಮೇಳನಗಳಿಗೆ ಹಣ ಕಟ್ಟಿದರೆ ಹೋಗಬಹುದು, ಆದರೆ ಶುಲ್ಕ ದುಬಾರಿ, ಭಾಷೆ ಕಠಿಣ. ಹಲವು ಸಂಸ್ಥೆಗಳು ಸಾರ್ವಜನಿಕ ಉಪನ್ಯಾಸಗಳನ್ನು ಬಿಟ್ಟಿಯಾಗಿ ಏರ್ಪಡಿಸುತ್ತವೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಅವೇ ಹೆಚ್ಚು ಉಪಯೋಗ. ಸಂಶೋಧನಾ ವಿದ್ಯಾರ್ಥಿಗಳು ಪ್ರಯಾಣ ಧನಸಹಾಯಕ್ಕೆ ಸಂಘಟಕರನ್ನು ಮೊದಲೇ ಕೇಳಬೇಕು, ಸಂಕೋಚ ಬೇಡ.

‘ನಿಮ್ಮನ್ನು ಮುಖ್ಯ ಭಾಷಣಕಾರರಾಗಿ ಆಹ್ವಾನಿಸುತ್ತೇವೆ’ ಎಂಬ ಇಮೇಲ್ ಬಂದಿದೆ. ನಂಬಬಹುದೇ?

ನಿಮ್ಮ ವಿಷಯಕ್ಕೂ ಸಮ್ಮೇಳನದ ವಿಷಯಕ್ಕೂ ಸಂಬಂಧವಿಲ್ಲದಿದ್ದರೆ, ಒಂದೇ ಹೋಟೆಲಿನಲ್ಲಿ ಒಂದೇ ದಿನ ಹತ್ತು ‘ವಿಶ್ವ ಸಮ್ಮೇಳನ’ಗಳಿದ್ದರೆ, ನಿಮ್ಮ ಬರಹ ಕೇಳುವುದಕ್ಕಿಂತ ಮೊದಲು ಹಣ ಕೇಳಿದರೆ ನಂಬಬೇಡಿ. ಹೈದರಾಬಾದ್ ಮೂಲದ ಓಮಿಕ್ಸ್ ಸಮೂಹದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯ 2019ರಲ್ಲಿ ಐದು ಕೋಟಿ ಡಾಲರಿಗೂ ಹೆಚ್ಚು ತೆರಬೇಕೆಂದು ಆದೇಶಿಸಿತು. ಹೆಸರಾಂತ ವಿಜ್ಞಾನಿಗಳು ಬರುತ್ತಾರೆಂದು ಸುಳ್ಳು ಹೇಳಿ ಸಮ್ಮೇಳನಗಳಿಗೆ ಜನರನ್ನು ಸೆಳೆದದ್ದೂ ಆರೋಪಗಳಲ್ಲಿ ಒಂದು. ಮುಪ್ಪು, ಕ್ಯಾನ್ಸರ್, ಮಧುಮೇಹ ಇಂಥವರಿಗೆ ಪ್ರಿಯವಾದ ವಿಷಯಗಳು.

ಸಮ್ಮೇಳನದ ಸುದ್ದಿ ಓದುವಾಗ ಏನನ್ನು ಗಮನಿಸಬೇಕು?

ಇಲಿಯೋ ಮನುಷ್ಯರೋ, ಎಷ್ಟು ಮಂದಿ, ಹುಸಿ ಮದ್ದಿನ ಗುಂಪು ಇತ್ತೇ, ಪೂರ್ಣ ಪ್ರಬಂಧ ಅಚ್ಚಾಗಿದೆಯೇ. ಆಮೇಲೆ ಅಂಕಿಯ ಗಾತ್ರ. 2022ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ ಅಲ್ಝೈಮರ್ ಕಾಯಿಲೆಯ ಲೆಕಾನೆಮಾಬ್ ಔಷಧದ ಫಲಿತಾಂಶ ಮಂಡಿಸಿದಾಗ ‘ಕಾಯಿಲೆ ಶೇ 27ರಷ್ಟು ನಿಧಾನ’ ಎಂಬ ಶೀರ್ಷಿಕೆಗಳು ಬಂದವು. ಅದೇ ಫಲಿತಾಂಶವನ್ನು ಬೇರೆ ಬಗೆಯಲ್ಲಿ ಹೇಳಿದರೆ, 18 ಅಂಕಗಳ ಅಳತೆಗೋಲಿನಲ್ಲಿ 18 ತಿಂಗಳ ಬಳಿಕ 0.45 ಅಂಕದ ವ್ಯತ್ಯಾಸ. ಎರಡೂ ನಿಜ. ಯಾವುದನ್ನು ಶೀರ್ಷಿಕೆ ಮಾಡುತ್ತಾರೆಂಬುದು ಬರೆಯುವವರ ಪ್ರಾಮಾಣಿಕತೆಗೆ ಬಿಟ್ಟದ್ದು. ಆ ಫಲಿತಾಂಶ ಅದೇ ದಿನ ಪ್ರಬಂಧವಾಗಿಯೂ ಹೊರಬಂದದ್ದರಿಂದ ಪರಿಶೀಲಿಸಲು ಸಾಧ್ಯವಾಯಿತು.

ಅಮ್ಮನಿಗೆ ಮರೆವು ಹೆಚ್ಚುತ್ತಿದೆ. ಹಾರ್ಮೋನು ಪರೀಕ್ಷೆ ಮಾಡಿಸಬೇಕೇ?

ಒಂದನ್ನು ಖಂಡಿತ ಮಾಡಿಸಿ: ಥೈರಾಯ್ಡ್. ಅದರ ಕೊರತೆಯಿಂದ ಬರುವ ಮಂಕನ್ನು ಮರೆವಿನ ಕಾಯಿಲೆಯೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ, ಅದಕ್ಕೆ ಮದ್ದೂ ಇದೆ. ಬಿ12 ಜೀವಸತ್ವದ ಪರೀಕ್ಷೆಯನ್ನೂ ಜೊತೆಗೆ ಮಾಡುತ್ತಾರೆ. ‘ಮುಪ್ಪಿನ ಹಾರ್ಮೋನು ಪ್ಯಾಕೇಜ್’ ಎಂದು ಮಾರುವ ಉದ್ದನೆಯ ಪಟ್ಟಿಗೆ ಹಣ ಸುರಿಯಬೇಕಾಗಿಲ್ಲ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. 2024ರಲ್ಲಿ ಫಿಲಡೆಲ್ಫಿಯ ಸಮ್ಮೇಳನದಲ್ಲಿ ಬಿಡುಗಡೆಯಾದ, ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿ, ಡಿಮೆನ್ಶಿಯಾಕ್ಕೆ ದಾರಿಮಾಡುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ರಕ್ತದೊತ್ತಡ, ಮಧುಮೇಹ, ಕಿವಿ ಕೇಳಿಸದಿರುವುದು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಒಂಟಿತನ ಅದರಲ್ಲಿವೆ. ಅಮ್ಮನ ಕಿವಿ, ಕಣ್ಣುಗಳನ್ನು ಪರೀಕ್ಷೆ ಮಾಡಿಸುವುದು ಯಾವ ಹಾರ್ಮೋನಿಗಿಂತಲೂ ಅಗ್ಗ.

ಕರ್ನಾಟಕದಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಶುರು ಮಾಡಿದ ಮಿದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯಗಳಿವೆ; ಮೊದಲು ಅಲ್ಲಿ ವಿಚಾರಿಸಿ. ಹೋಗುವಾಗ ಅಮ್ಮ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನಿದ್ದೆ ಮಾತ್ರೆ ಮತ್ತು ಊರಿನ ಅಂಗಡಿಯಿಂದ ತಂದ ಪುಡಿಗಳನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಅವರ ಜೊತೆಯಲ್ಲೇ ವಾಸವಿರುವವರು ಒಬ್ಬರು ಬರಲಿ. ಯಾವಾಗಿನಿಂದ ಶುರುವಾಯಿತು, ಏನನ್ನು ಮರೆಯುತ್ತಾರೆ ಎಂದು ವೈದ್ಯರು ಕೇಳುವುದು ಅವರನ್ನೇ.